ಹನ್ನೊಂದು ಮುಖ, ಒಂದೇ ಗಡ್ಡೆ

ವಿಜ್ಞಾನದ ಲೇಖನಗಳನ್ನು ಸಾಮಾನ್ಯವಾಗಿ ವಿಷಯ ತಿಳಿಯಲೆಂದು ಓದುತ್ತೇವೆ, ತಿಳಿದ ಮೇಲೆ ಮಡಚಿಡುತ್ತೇವೆ. ವಿಷಯ ಗೊತ್ತಾದ ಮೇಲೂ ಮತ್ತೆ ಮತ್ತೆ ತೆಗೆದು ಓದಿಸಿಕೊಳ್ಳುವಂಥವು ತೀರ ಕಡಿಮೆ. 2006ರ ಫೆಬ್ರವರಿ 2ರ ‘ನೇಚರ್’ ಸಂಚಿಕೆಯಲ್ಲಿ ಬಂದ ಒಂದು ಪುಟದ ಬರಹ ನನ್ನ ಪಾಲಿಗೆ ಅಂಥದ್ದು. ಬರೆದವರು ಆ್ಯನ್-ಮರೀ ಪಿಯರ್ಸ್ ಮತ್ತು ಕೇಟ್ ಸ್ವಿಫ್ಟ್. ಇಬ್ಬರೂ ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟ್ಯಾಸ್ಮೇನಿಯಾ ದ್ವೀಪದ ಸರ್ಕಾರಿ ಪ್ರಯೋಗಾಲಯದವರು. ದೊಡ್ಡ ವಿಶ್ವವಿದ್ಯಾಲಯದ ದಂಡಿಲ್ಲ, ಸಹಲೇಖಕರ ಮೈಲುದ್ದದ ಪಟ್ಟಿಯಿಲ್ಲ. ಚಿತ್ರ ಮತ್ತು ಕೆಲವೇ ಪ್ಯಾರಾಗಳು, ಅಷ್ಟೇ. ಕ್ಯಾನ್ಸರ್ ಎಂಬುದು ಹುಟ್ಟಿದ ಮೈಯಲ್ಲೇ ಬೆಳೆದು ಆ ಮೈಯ ಜೊತೆಗೇ ಸಾಯುವ ರೋಗ ಎಂಬ ನಮ್ಮ ನಂಬಿಕೆ ಆ ಒಂದು ಪುಟ ಮುಗಿಯುವಷ್ಟರಲ್ಲಿ ಸಡಿಲಾಗಿರುತ್ತದೆ.

ಮೊದಲು ಚಿತ್ರವನ್ನೇ ನೋಡಬೇಕು. ಟ್ಯಾಸ್ಮೇನಿಯನ್ ಡೆವಿಲ್ ಎಂಬ ಪ್ರಾಣಿಯ ಮತ್ತು ಅದರ ಮುಖದಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆಯ ವರ್ಣತಂತುಗಳ ಪಟ ಅದು. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ, ನಾಯಿಯದರಲ್ಲಿ 78. ಡೆವಿಲ್‌ಗೆ ಇರುವುದು ಬರೀ 14. ಕಡಿಮೆ ಇರುವುದರಿಂದ ಒಂದೊಂದೂ ದೊಡ್ಡದು, ಒಂದೊಂದರ ಗುರುತೂ ಸ್ಪಷ್ಟ. ಇಂಥ ಪಟ ತಯಾರಿಸುವುದು ಒಂದು ಕುಸುರಿ ಕೆಲಸ. ಗಡ್ಡೆಯಿಂದ ತೆಗೆದ ಸಣ್ಣ ಚೂರನ್ನು ಪೋಷಕ ದ್ರವದಲ್ಲಿಟ್ಟು ಕೋಶಗಳನ್ನು ಬೆಳೆಸುತ್ತಾರೆ. ಕೋಶವೊಂದು ಎರಡಾಗುವ ನಡುಘಟ್ಟದಲ್ಲಿ ಮಾತ್ರ ವರ್ಣತಂತುಗಳು ದಪ್ಪಗಾಗಿ ಬಿಡಿಬಿಡಿಯಾಗಿ ಕಾಣಿಸುತ್ತವೆ. ಕೋಶಗಳನ್ನು ಸರಿಯಾಗಿ ಆ ಗಳಿಗೆಯಲ್ಲೇ ತಡೆದು ನಿಲ್ಲಿಸಲು ಸಾಮಾನ್ಯವಾಗಿ ಕಾಲ್ಚಿಸಿನ್ ಬಳಗದ ವಿಷ ಬಳಸುತ್ತಾರೆ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಗೌರಿ ಹಬ್ಬದ ಹೊತ್ತಿಗೆ ಉರಿಯ ಬಣ್ಣದಲ್ಲಿ ಅರಳುವ ಗೌರಿಹೂವಿನ ಬಳ್ಳಿ ಇದೆಯಲ್ಲ, ಅದರ ಬೇರು ಬೀಜಗಳಲ್ಲಿರುವ ವಿಷವೂ ಅದೇ ಕಾಲ್ಚಿಸಿನ್. ಹೀಗೆ ನಿಲ್ಲಿಸಿದ ಕೋಶಗಳನ್ನು ತೆಳ್ಳಗಿನ ಉಪ್ಪುನೀರಿನಲ್ಲಿಟ್ಟರೆ ನೀರು ಕುಡಿದು ಊದಿಕೊಳ್ಳುತ್ತವೆ. ಗಾಜಿನ ಪಟ್ಟಿಯ ಮೇಲೆ ಹನಿ ಬೀಳಿಸಿದರೆ ಒಡೆದು ಒಳಗಿನ ತಂತುಗಳು ಹರಡಿಕೊಳ್ಳುತ್ತವೆ. ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಫೋಟೊ ತೆಗೆದು, ಒಂದೊಂದನ್ನೂ ಬಿಡಿಸಿ, ಉದ್ದ ಮತ್ತು ಪಟ್ಟೆಗಳನ್ನು ನೋಡಿ ಜೋಡಿ ಜೋಡಿಯಾಗಿ ಸಾಲಿನಲ್ಲಿಡುವುದು ಕೊನೆಯ ಹಂತ. ಈಗ ಕಂಪ್ಯೂಟರ್ ಬಂದಿದೆ ನಿಜ, ಆದರೂ ಪಳಗಿದ ಕಣ್ಣು ಒಪ್ಪಿದ ಮೇಲೇ ಪಟ ಮುಗಿಯಿತು ಎನ್ನುವುದು.

ಆರೋಗ್ಯವಂತ ಡೆವಿಲ್‌ನ ಪಟದಲ್ಲಿ ಏಳು ಜೋಡಿ, ನೀಟಾಗಿ. ಗಡ್ಡೆಯ ಪಟದಲ್ಲಿ ಇರುವುದು 13 ತಂತು. ಲಿಂಗ ನಿರ್ಧರಿಸುವ ಎರಡೂ ತಂತುಗಳಿಲ್ಲ. ಎರಡನೆಯ ಜೋಡಿ ಪೂರ್ತಿ ಮಾಯ. ಆರನೆಯ ಜೋಡಿಯಲ್ಲಿ ಒಂದೇ ಉಳಿದಿದೆ. ಒಂದನೆಯದರ ಉದ್ದ ತೋಳು ತುಂಡಾಗಿದೆ. ಬದಲಿಗೆ ಎಲ್ಲಿಂದ ಬಂದವೆಂದು ಹೇಳಲಾಗದ ನಾಲ್ಕು ತುಣುಕುಗಳು ಹೊಸದಾಗಿ ಸೇರಿಕೊಂಡಿವೆ. ಕ್ಯಾನ್ಸರ್ ಕೋಶದಲ್ಲಿ ಇಂಥ ಅಲ್ಲೋಲಕಲ್ಲೋಲ ಹೊಸದೇನಲ್ಲ. ಆದರೆ ಆ ಅಲ್ಲೋಲಕಲ್ಲೋಲ ಒಬ್ಬೊಬ್ಬ ರೋಗಿಯಲ್ಲಿ ಒಂದೊಂದು ಥರ ಇರಬೇಕು. ಪಿಯರ್ಸ್ ಮತ್ತು ಸ್ವಿಫ್ಟ್ ನೋಡಿದ್ದು ಬೇರೆ ಬೇರೆ ಜಾಗದಲ್ಲಿ ಸಿಕ್ಕ ಹನ್ನೊಂದು ಪ್ರಾಣಿಗಳ ಗಡ್ಡೆಗಳನ್ನು. ಹನ್ನೊಂದರಲ್ಲೂ ಅದೇ 13, ಅದೇ ಲೋಪ, ಅದೇ ನಾಲ್ಕು ತುಣುಕು.

ಇಲ್ಲಿಗೇ ನಿಲ್ಲಿಸಿದ್ದರೂ ವಾದ ಗಟ್ಟಿಯಾಗಿಯೇ ಇತ್ತು. ಆದರೂ ಸಂಶಯದ ಗಿರಾಕಿಯೊಬ್ಬ ಕೇಳಬಹುದು: ಯಾವುದೋ ವೈರಸ್ ಹೋದಲ್ಲೆಲ್ಲ ಇದೇ ಒಡಕನ್ನು ಉಂಟುಮಾಡುತ್ತಿರಬಾರದೇಕೆ? ಪ್ರತಿ ಪ್ರಾಣಿಯ ಕೋಶವೂ ತಾನಾಗಿಯೇ ಹೀಗೆ ಕೆಟ್ಟಿರಬಾರದೇಕೆ? ಈ ಪ್ರಶ್ನೆಗೆ ಉತ್ತರ ಒಂದೇ ಒಂದು ಪ್ರಾಣಿಯಿಂದ ಬಂತು. ಆ ಡೆವಿಲ್‌ಗೆ ಹುಟ್ಟಿನಿಂದಲೇ ಐದನೆಯ ವರ್ಣತಂತುವಿನ ಒಂದು ಭಾಗ ತಿರುವುಮುರುವಾಗಿತ್ತು. ಅದರಿಂದ ಅದಕ್ಕೆ ತೊಂದರೆಯೇನೂ ಇರಲಿಲ್ಲ, ಬರೀ ಒಂದು ಮಚ್ಚೆಯಿದ್ದ ಹಾಗೆ. ಮೈಯ ಕೋಶಗಳಲ್ಲೆಲ್ಲ ಆ ತಿರುವು ಇತ್ತು. ಅದರ ಮುಖದ ಗಡ್ಡೆಯಲ್ಲಿ ಮಾತ್ರ ಇರಲಿಲ್ಲ. ಅಂದರೆ ಗಡ್ಡೆ ಅದರ ಮೈಯಿಂದ ಹುಟ್ಟಿದ್ದೇ ಅಲ್ಲ. ಹೊರಗಿನಿಂದ ಬಂದು ನೆಲೆಯೂರಿದ್ದು.

ಈ ಐದನೆಯ ತಂತುವಿನ ಸಾಕ್ಷ್ಯವನ್ನು ನಾನು ಎಷ್ಟು ಮೆಚ್ಚಿದರೂ ತೃಪ್ತಿಯಾಗುವುದಿಲ್ಲ. ಹುಡುಕಿಕೊಂಡು ಹೋದರೆ ಸಿಗುವಂಥದ್ದಲ್ಲ ಅದು. ಸಿಕ್ಕಾಗ ಗುರುತಿಸುವ ಕಣ್ಣಿರಬೇಕು. ಗಡ್ಡೆಯ ಪಟ ನೋಡುತ್ತಿದ್ದವರು ಆ ಪ್ರಾಣಿಯ ಆರೋಗ್ಯವಂತ ಕೋಶದ ಪಟವನ್ನೂ ಅಷ್ಟೇ ನಿಗಾದಿಂದ ನೋಡಿದ್ದರಿಂದ ಅದು ಸಿಕ್ಕಿತು.

ಇನ್ನು ಈ ಪ್ರಾಣಿಯ ಬಗ್ಗೆ ನಾಲ್ಕು ಮಾತು. ಕರಿಯ ಮೈ, ಎದೆಗೆ ಅಡ್ಡಲಾಗಿ ಬಿಳಿ ಪಟ್ಟೆ, ಮೈಗೆ ಹೊಂದದಷ್ಟು ದೊಡ್ಡ ತಲೆ. ಗಂಡು ಹತ್ತು ಹನ್ನೆರಡು ಕಿಲೋ ತೂಗೀತು. ಕಾಂಗರೂಗಳ ಹಾಗೆ ಹೊಟ್ಟೆಚೀಲದಲ್ಲಿ ಮರಿ ಸಾಕುವ ಜಾತಿ, ಆ ಜಾತಿಯ ಮಾಂಸಾಹಾರಿಗಳಲ್ಲಿ ಇವತ್ತು ಉಳಿದಿರುವುದರಲ್ಲಿ ಇದೇ ದೊಡ್ಡದು. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಸುಮಾರು 3,000 ವರ್ಷಗಳ ಹಿಂದೆಯೇ ಅಳಿದು ದ್ವೀಪದಲ್ಲಿ ಮಾತ್ರ ಉಳಿಯಿತು. ಬಸಿರು ಮೂರೇ ವಾರ. ಅಕ್ಕಿಕಾಳಿನಷ್ಟು ಇಪ್ಪತ್ತು ಮೂವತ್ತು ಮರಿಗಳು ಒಟ್ಟಿಗೆ ಹುಟ್ಟಿ ತಾಯಿಯ ಹೊಟ್ಟೆಚೀಲದ ಕಡೆ ತೆವಳುತ್ತವೆ. ಚೀಲದೊಳಗಿರುವ ಮೊಲೆ ನಾಲ್ಕೇ. ಮೊದಲು ತಲುಪಿದ ನಾಲ್ಕಕ್ಕೆ ಬದುಕು, ಉಳಿದವು ಹುಟ್ಟಿದ ದಿನವೇ ಮುಗಿದ ಹಾಗೆ.

ಸತ್ತ ವಾಲಬಿಯ (ಚಿಕ್ಕ ಜಾತಿಯ ಕಾಂಗರೂ) ಸುತ್ತ ಕಿರುಚಾಡುತ್ತ ಕಚ್ಚಾಡುವುದು ಇವುಗಳ ದಿನಚರಿ. ಬೆದೆಯ ಕಾಲದಲ್ಲಂತೂ ಗಂಡು ಹೆಣ್ಣು ಪರಸ್ಪರ ಮುಖಕ್ಕೇ ಬಾಯಿ ಹಾಕುತ್ತವೆ. ರೋಗ ಹಬ್ಬುವ ದಾರಿಯೂ ಅದೇ. 1996ರಲ್ಲಿ ದ್ವೀಪದ ಈಶಾನ್ಯದ ಮೌಂಟ್ ವಿಲಿಯಂ ರಾಷ್ಟ್ರೀಯ ಉದ್ಯಾನದ ಬಳಿ ಒಬ್ಬ ಛಾಯಾಗ್ರಾಹಕರು ಮುಖವೆಲ್ಲ ಗಡ್ಡೆ ಒಡೆದ ಡೆವಿಲ್‌ಗಳ ಚಿತ್ರ ತೆಗೆದರು. ಅಲ್ಲಿಂದ ರೋಗ ದಕ್ಷಿಣಕ್ಕೂ ಪಶ್ಚಿಮಕ್ಕೂ ಸರಿಯುತ್ತ ಹೋಯಿತು. ಗಡ್ಡೆ ಬಾಯಿ, ದವಡೆ, ಕಣ್ಣಿನ ಸುತ್ತ ಬೆಳೆದು, ತಿನ್ನಲಾಗದೆ, ಕಾಣಿಸಿಕೊಂಡ ಒಂದು ವರ್ಷದೊಳಗೆ ಬಹುತೇಕ ಪ್ರಾಣಿಗಳು ಸಾಯುತ್ತಿದ್ದವು. 1996ರ ಸುಮಾರಿಗೆ ದ್ವೀಪದಲ್ಲಿ ಅಂದಾಜು 53,000 ಡೆವಿಲ್‌ಗಳಿದ್ದವಂತೆ. 2020ರ ಹೊತ್ತಿಗೆ ಆ ಅಂದಾಜು 17,000ಕ್ಕೆ ಇಳಿಯಿತು.

ಕಚ್ಚುವುದರಿಂದ ರೋಗ ಬರುತ್ತದೆ ಎಂದ ಮೇಲೆ ಹೆಚ್ಚು ಕಚ್ಚಿಸಿಕೊಂಡ ಬಡಪಾಯಿಗೇ ರೋಗ ಮೊದಲು ಬರಬೇಕಲ್ಲ? ರೊಡ್ರಿಗೊ ಹಾಮೆಡೆ ಮತ್ತು ಸಂಗಡಿಗರು ವರ್ಷಗಟ್ಟಲೆ ಗಾಯಗಳನ್ನು ಎಣಿಸಿ 2013ರಲ್ಲಿ ಪ್ರಕಟಿಸಿದ್ದು ಇದಕ್ಕೆ ತದ್ವಿರುದ್ಧ. ಮೈಮೇಲೆ ಗಾಯ ಕಡಿಮೆ ಇದ್ದವಕ್ಕೇ ರೋಗ ಹೆಚ್ಚು, ಗಡ್ಡೆಗಳೂ ಬಹುಪಾಲು ಬಾಯೊಳಗೆ. ಅಂದರೆ ಕಚ್ಚಿಸಿಕೊಂಡವನಿಗಲ್ಲ, ಕಚ್ಚಿದವನಿಗೆ ಗಂಡಾಂತರ. ಇನ್ನೊಬ್ಬನ ಗಡ್ಡೆಗೆ ಹಲ್ಲು ಊರಿದ ಬಲಶಾಲಿ ಆ ಕೋಶಗಳನ್ನು ತನ್ನ ಬಾಯಿಗೇ ತಂದುಕೊಳ್ಳುತ್ತಾನೆ. ಈ ಎಣಿಕೆ ನಡೆದ ಬಗೆಯೂ ನೋಡುವಂಥದ್ದು. ಮಾಂಸದ ತುಣುಕು ಕಟ್ಟಿದ ದಪ್ಪ ಪ್ಲಾಸ್ಟಿಕ್ ಕೊಳವೆ ಬೋನಿನಲ್ಲಿ ಸಿಕ್ಕ ಡೆವಿಲ್ ಅನ್ನು ಗೋಣಿಚೀಲಕ್ಕೆ ಇಳಿಸಿಕೊಂಡು, ತೊಡೆಯ ಮೇಲಿಟ್ಟು, ಚೀಲದ ಬಾಯಿಂದ ಮುಖವನ್ನಷ್ಟೇ ಹೊರತೆಗೆದು ನೋಡುತ್ತಾರೆ. ಹೆಸರಿಗೆ ಡೆವಿಲ್, ಕತ್ತಲೆಯ ಚೀಲದೊಳಗೆ ಹೋದರೆ ಬಹುತೇಕ ಸುಮ್ಮನಿರುತ್ತದೆ. ತುಟಿ ಎತ್ತಿ ಹಲ್ಲು ನೋಡಿ, ಗಾಯ ಎಣಿಸಿ, ಗಡ್ಡೆಯಿದ್ದರೆ ಅಳತೆ ಹಿಡಿದು ಚೂರು ತೆಗೆದು, ಕಿವಿಯ ಅಂಚಿನಿಂದ ಇನ್ನೊಂದು ಚೂರು ತೆಗೆದು ಬಿಟ್ಟುಬಿಡುತ್ತಾರೆ. ಮುಂದೆ ಜೀನೋಮ್ ಗೀನೋಮ್ ಎಂದು ನಾವು ಓದುವುದೆಲ್ಲ ಈ ಎರಡು ಚೂರುಗಳಿಂದ ಹೊರಟದ್ದು. ಕಿವಿಯದು ಪ್ರಾಣಿಯ ಪಾಠ, ಗಡ್ಡೆಯದು ಅತಿಥಿಯ ಪಾಠ.

ಪಾಠ ಎಂಬ ಮಾತು ಬಂದದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂಬ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಹಳೆಯ ಕಾವ್ಯವೊಂದರ ಹತ್ತಾರು ಓಲೆಪ್ರತಿಗಳು ಸಿಕ್ಕಾಗ ಯಾವುದು ಯಾವುದನ್ನು ನೋಡಿ ಬರೆದದ್ದು ಎಂದು ಕಂಡುಹಿಡಿಯುವ ವಿದ್ಯೆ ಅದು. ಪ್ರತಿಕಾರ ಸರಿಯಾಗಿ ಬರೆದ ಪದ್ಯಗಳಿಂದ ಏನೂ ಗೊತ್ತಾಗುವುದಿಲ್ಲ, ಅವು ಎಲ್ಲರಲ್ಲೂ ಒಂದೇ. ಸುಳಿವು ಕೊಡುವುದು ಸ್ಖಾಲಿತ್ಯ. ಒಬ್ಬ ಒಂದು ಸಾಲು ಬಿಟ್ಟರೆ ಅವನ ಪ್ರತಿ ನೋಡಿ ಬರೆದವರೆಲ್ಲರಲ್ಲೂ ಆ ಸಾಲು ಇರುವುದಿಲ್ಲ. ಅವರಲ್ಲೊಬ್ಬ ತನ್ನದೊಂದು ಹೊಸ ತಪ್ಪು ಸೇರಿಸಿದರೆ ಅಲ್ಲಿಂದ ಇನ್ನೊಂದು ಕವಲು. ತಪ್ಪುಗಳ ಈ ವಂಶವೃಕ್ಷವನ್ನು ಹಿಮ್ಮುಖವಾಗಿ ಹತ್ತುತ್ತ ಹೋದರೆ ಕಳೆದುಹೋದ ಮೂಲಪ್ರತಿಯ ಹತ್ತಿರಕ್ಕೆ ಬರಬಹುದು. ಗಡ್ಡೆಯ ಕೋಶವೂ ಪ್ರತಿಕಾರನೇ. ಪ್ರತಿ ಸಲ ಒಡೆಯುವಾಗ ತನ್ನೊಳಗಿನ ಇಡೀ ಗ್ರಂಥವನ್ನು ನಕಲು ಮಾಡುತ್ತದೆ, ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಮುಂದಿನವಕ್ಕೆಲ್ಲ ಹೋಗುತ್ತದೆ.

ಈ ವಿದ್ಯೆಯನ್ನು ಡೆವಿಲ್‌ನ ಗಡ್ಡೆಗೆ ಹಚ್ಚಿದವರಲ್ಲಿ ಎಲಿಜಬೆತ್ ಮರ್ಚಿಸನ್ ಮುಖ್ಯರು. ಟ್ಯಾಸ್ಮೇನಿಯಾದಲ್ಲೇ ಬೆಳೆದು ಕೇಂಬ್ರಿಜ್‌ನಲ್ಲಿ ಕೆಲಸ ಮಾಡುವವರು. 2010ರಲ್ಲಿ ಅವರ ತಂಡ ಗಡ್ಡೆಯ ಕೋಶಗಳಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂದು ಪಟ್ಟಿ ಮಾಡಿ, ಇದು ನರಗಳಿಗೆ ಹೊದಿಕೆ ಸುತ್ತುವ ಶ್ವಾನ್ ಕೋಶದಿಂದ ಬಂದದ್ದು ಎಂದು ತೋರಿಸಿತು. ಆ ಕೋಶಗಳು ತಯಾರಿಸುವ ಪೆರಿಯಾಕ್ಸಿನ್ ಎಂಬ ಪ್ರೋಟೀನು ಅಂದಿನಿಂದ ರೋಗಪತ್ತೆಯ ಗುರುತೂ ಆಯಿತು. 2012ರಲ್ಲಿ ಇಡೀ ಜೀನೋಮ್ ಬಂತು. ಗಡ್ಡೆಯಲ್ಲಿ ಸೇರಿಕೊಂಡ ನಕಲುತಪ್ಪುಗಳು ಸುಮಾರು 17,000 ಎಂದೂ, ಮೂಲ ಪ್ರಾಣಿ ಹೆಣ್ಣೆಂದೂ ಹೇಳಿತು. ಲಿಂಗದ ತಂತುಗಳೇ ಪಟದಲ್ಲಿ ಕಾಣದ ಗಡ್ಡೆಯಿಂದ ಅದರ ಮೊದಲ ಒಡತಿ ಹೆಣ್ಣೆಂದು ಓದಿ ತೆಗೆದದ್ದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. 2020ರಲ್ಲಿ 648 ಗಡ್ಡೆಗಳನ್ನು ಹೋಲಿಸಿ ನೋಡಿದಾಗ, ಶುರುವಿನಲ್ಲೇ ವಂಶ ಐದು ಕವಲಾಗಿ ಒಡೆದದ್ದು, ಮೂರು ಕವಲು ದ್ವೀಪದ ಉದ್ದಗಲ ಹಬ್ಬಿದ್ದು, ಎರಡು ಹೇಳಹೆಸರಿಲ್ಲದೆ ಹೋದದ್ದು ಕಂಡಿತು. 2023ರ ಲೆಕ್ಕದಲ್ಲಿ ಮೂಲಪ್ರತಿಯ ಕಾಲವೂ ಸಿಕ್ಕಿತು: 1986ರ ಆಸುಪಾಸು. ಮೊದಲ ಫೋಟೊ ತೆಗೆಯುವ ಹತ್ತು ವರ್ಷ ಮುಂಚೆ. ಯಾರೂ ನೋಡದ ಒಂದು ಹೆಣ್ಣು ಡೆವಿಲ್‌ನ ನರದ ಅಂಚಿನಲ್ಲಿ ಕೆಟ್ಟ ಒಂದು ಕೋಶ. ಆ ಪ್ರಾಣಿ ಎಂದೋ ಸತ್ತಿದೆ. ಅದರ ಮೈಯ ತುಣುಕು ಇವತ್ತಿಗೂ ಸಾವಿರಾರು ಮುಖಗಳಲ್ಲಿ ಬದುಕಿದೆ.

ಹಾಗಾದರೆ ಮೈ ಅದನ್ನು ಓಡಿಸುವುದಿಲ್ಲವೇಕೆ? ಬೇರೆಯವರ ಕಿಡ್ನಿ ಹಾಕಿದರೆ ಔಷಧವಿಲ್ಲದೆ ನಮ್ಮ ಮೈ ಒಪ್ಪುವುದಿಲ್ಲ. ಕೋಶದ ಮೇಲ್ಮೈಯಲ್ಲಿರುವ ಎಂಎಚ್‌ಸಿ ಎಂಬ ಗುರುತುಗಳು ಬೇರೆಯಾಗಿರುವುದೇ ಕಾರಣ. ಮೊದಲು ಬಂದ ವಿವರಣೆ ಬಲು ಸರಳವಾಗಿತ್ತು. ಡೆವಿಲ್‌ಗಳು ದ್ವೀಪದೊಳಗೇ ಬೆಳೆದ ಸಣ್ಣ ಬಳಗ, ಎಲ್ಲರ ಗುರುತೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಪರಕೀಯ ಗಡ್ಡೆ ಸ್ವಂತದ್ದೇ ಎನಿಸುತ್ತದೆ. 2007ರಲ್ಲಿ ಹ್ಯಾನ್ನಾ ಸಿಡಲ್ ಮತ್ತು ಸಂಗಡಿಗರು ಮಂಡಿಸಿದ ಈ ವಾದ ಎಲ್ಲರಿಗೂ ಹಿಡಿಸಿತು. ಒಳಸಂಬಂಧದ ಅಪಾಯದ ಬಗ್ಗೆ ಪಾಠ ಹೇಳಲೂ ಅನುಕೂಲವಾಗಿತ್ತು. ನಾಲ್ಕು ವರ್ಷದ ಮೇಲೆ ಇನ್ನೊಂದು ತಂಡ ಒಂದು ಡೆವಿಲ್‌ನ ಚರ್ಮದ ತುಂಡನ್ನು ಇನ್ನೊಂದಕ್ಕೆ ಕಸಿ ಮಾಡಿ ನೋಡಿತು. ಮೈ ಅದನ್ನು ಒಪ್ಪಲಿಲ್ಲ, ತಳ್ಳಿಹಾಕಿತು. ಅಂದರೆ ತನ್ನದು ಯಾವುದು, ಪರರದು ಯಾವುದು ಎಂಬುದು ಡೆವಿಲ್‌ಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಸರಳ ವಿವರಣೆ ಕುಸಿಯಿತು.

ಮೂಲವಾದವನ್ನು ತಿದ್ದಿದವರೂ ಅದೇ ಸಿಡಲ್, 2013ರಲ್ಲಿ. ಗಡ್ಡೆಯ ಕೋಶಗಳು ಮೇಲ್ಮೈಯಲ್ಲಿ ಆ ಗುರುತುಗಳನ್ನು ಪ್ರದರ್ಶಿಸುವುದೇ ಇಲ್ಲ. ಕಾವಲುಗಾರ ಕೇಳಿದಾಗ ತೋರಿಸಲು ಚೀಟಿಯೇ ಇಲ್ಲದ ಸ್ಥಿತಿ. ಆದರೆ ಆ ಜೀನ್‌ಗಳು ಹಾಳಾಗಿಲ್ಲ, ಅಳಿಸಿಹೋಗಿಲ್ಲ. ಡಿಎನ್‌ಎ ಸುರುಳಿಯನ್ನು ಬಿಗಿಯಾಗಿ ಸುತ್ತಿಟ್ಟು ಬಾಯಿ ಮುಚ್ಚಿಸಲಾಗಿದೆ, ಅಷ್ಟೇ. ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಕೊಟ್ಟರೆ ಸುರುಳಿ ಬಿಚ್ಚಿಕೊಂಡು ಗುರುತುಗಳು ಮತ್ತೆ ಮೇಲೆ ಬರುತ್ತವೆ. ಲಸಿಕೆಯ ಆಸೆಗೆ ಬಲ ಬಂದದ್ದೂ ಇಲ್ಲಿಂದಲೇ. ತನ್ನ ಹೆಸರಿನಲ್ಲೇ ಪ್ರಸಿದ್ಧವಾದ ವಾದವನ್ನು ಆರು ವರ್ಷದಲ್ಲಿ ತಾನೇ ಬಿಚ್ಚಿ ಇನ್ನೂ ಚೆನ್ನಾಗಿ ಹೆಣೆಯುವುದು ಎಲ್ಲ ಕ್ಷೇತ್ರಗಳಲ್ಲೂ ಕಾಣಸಿಗುವ ಗುಣವಲ್ಲ. ಉದಾಹರಣೆ ಕೊಡಲು ಹೋಗುವುದಿಲ್ಲ.

ಒಂದು ಗಡ್ಡೆ ಹೀಗೆ ಮೈಯಿಂದ ಮೈಗೆ ದಾಟುವುದೇ ಪವಾಡ, ಇದೊಂದು ಅಪರೂಪದ ಆಕಸ್ಮಿಕ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡಿದ್ದಾಗ, 2014ರಲ್ಲಿ ದ್ವೀಪದ ಆಗ್ನೇಯದ ಡಾಂಟ್ರೆಕಾಸ್ಟೋ ಕಾಲುವೆಯ ಬದಿ ಸಿಕ್ಕ ಡೆವಿಲ್ ಒಂದರ ಗಡ್ಡೆಯಲ್ಲಿ ಬೇರೆಯೇ ಪಟ ಕಂಡಿತು. ಅದರಲ್ಲಿ ಗಂಡಿಗೆ ಮಾತ್ರ ಇರುವ ವೈ ತಂತು ಇತ್ತು. ಹೆಣ್ಣಿನಿಂದ ಬಂದ ಹಳೆಯ ಗಡ್ಡೆಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಹೊರನೋಟಕ್ಕೆ ಎರಡೂ ಒಂದೇ ಮುಖದ ಗಡ್ಡೆ. ಒಳಗೆ ಮಾತ್ರ ಬೇರೆ ಪ್ರಾಣಿ, ಬೇರೆ ವಂಶ. ಗಂಡು ಡೆವಿಲ್ ಒಂದರಲ್ಲಿ 2011ರ ಆಸುಪಾಸು ಹುಟ್ಟಿದ್ದೆಂದು ಮುಂದೆ ಲೆಕ್ಕ ಸಿಕ್ಕಿತು. ಅದೂ ಶ್ವಾನ್ ಕೋಶದಿಂದಲೇ ಬಂದದ್ದು. ಹಳೆಯದಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ನಕಲುತಪ್ಪು ಸೇರಿಸಿಕೊಳ್ಳುತ್ತಿದೆ. ಈಗ ಯಾವ ಗಡ್ಡೆ ಯಾವುದು ಎಂದು ಹೇಳಲು ಒಂದು ಪಿಸಿಆರ್ ಪರೀಕ್ಷೆಯಿದೆ. ಎರಡೂ ವಂಶಗಳ ಜೀನೋಮ್‌ಗಳಲ್ಲಿ ಅವಕ್ಕೆ ಮಾತ್ರ ವಿಶಿಷ್ಟವಾದ ಒಡಕು ಜೋಡಣೆಗಳನ್ನು ಆರಿಸಿಕೊಂಡು, ಅವು ಇದ್ದರೆ ಮಾತ್ರ ಪಟ್ಟೆ ಮೂಡುವ ಹಾಗೆ ರೂಪಿಸಿದ್ದು. ಹಳೆಯ ಗಡ್ಡೆಯ ತಪ್ಪೇ ಅದರ ಸಹಿ.

ಈ ಬಳಗದ ಮೂರನೆಯ ಸದಸ್ಯನನ್ನು ನೋಡಲು ಟ್ಯಾಸ್ಮೇನಿಯಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಬೀದಿನಾಯಿಗಳ ಜನನಾಂಗದಲ್ಲಿ ಕೆಂಪಗೆ ಹೂಕೋಸಿನಂತೆ ಬೆಳೆದು ರಕ್ತ ಸೋರುವ ಗಡ್ಡೆ ಯಾವ ಪಶುವೈದ್ಯರಿಗೂ ಹೊಸದಲ್ಲ. ಕೂಡುವಾಗ ನಾಯಿಯಿಂದ ನಾಯಿಗೆ ದಾಟುವ ಕ್ಯಾನ್ಸರ್ ಅದು. ರಷ್ಯಾದ ಪಶುವೈದ್ಯ ನೋವಿನ್‌ಸ್ಕಿ 1876ರಷ್ಟು ಹಿಂದೆಯೇ ಅದನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ಕಸಿ ಮಾಡಿ ತೋರಿಸಿದ್ದರು. ಜಗತ್ತಿನ ನಾಯಿಗಳಲ್ಲೆಲ್ಲ ಇರುವುದು ಸಾವಿರಾರು ವರ್ಷಗಳ ಹಿಂದೆ ಏಷ್ಯಾದಲ್ಲಿ ಬದುಕಿದ್ದ ಒಂದೇ ನಾಯಿಯ ಕೋಶವಂಶ ಎಂದು ಜೀನ್‌ಗಳ ಓದು ಹೇಳಿದೆ. ಇದಕ್ಕೆ ಮದ್ದು ವಿನ್‌ಕ್ರಿಸ್ಟೀನ್. ವಾರಕ್ಕೊಂದು ಇಂಜೆಕ್ಷನ್‌ನಂತೆ ಕೆಲವು ವಾರ ಕೊಟ್ಟರೆ ಬಹುತೇಕ ನಾಯಿಗಳಲ್ಲಿ ಗಡ್ಡೆ ಕರಗಿಹೋಗುತ್ತದೆ. ಅದು ಬರುವುದು ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಯಾರೂ ನೀರು ಹಾಕದಿದ್ದರೂ ಹೂಬಿಡುವ ಕಾಶಿಕಣಗಿಲೆ ಗಿಡದಿಂದ. ಗೌರಿಹೂವಿನ ಕಾಲ್ಚಿಸಿನ್ ಮಾಡುವ ಕೆಲಸವನ್ನೇ ವಿನ್‌ಕ್ರಿಸ್ಟೀನ್ ಕೂಡ ಮಾಡುವುದು. ಕೋಶ ಒಡೆಯುವಾಗ ವರ್ಣತಂತುಗಳನ್ನು ಎಳೆಯುವ ಎಳೆಗಳನ್ನೇ ಕಟ್ಟಿಹಾಕುತ್ತದೆ. ಡೆವಿಲ್‌ಗಳಿಗೂ ಕೊಟ್ಟು ನೋಡಿದರು. ತಡೆದುಕೊಳ್ಳಬಹುದಾದಷ್ಟು ದೊಡ್ಡ ಪ್ರಮಾಣದಲ್ಲಿ ಕೊಟ್ಟರೂ ಗಡ್ಡೆ ಜಗ್ಗಲಿಲ್ಲ.

ಮದ್ದಿಲ್ಲದ ರೋಗವೆಂದ ಮೇಲೆ ಪ್ರಾಣಿಯನ್ನು ಉಳಿಸಿಕೊಳ್ಳುವುದಾದರೂ ಹೇಗೆ? 2005–06ರಲ್ಲಿ ರೋಗ ಮುಟ್ಟದ ಡೆವಿಲ್‌ಗಳನ್ನು ಹಿಡಿದು ಪ್ರಾಣಿಸಂಗ್ರಹಾಲಯಗಳಲ್ಲಿ ಒಂದು ‘ವಿಮೆ ಹಿಂಡು’ ಬೆಳೆಸಲು ಶುರುಮಾಡಿದರು. ಕಾಡಿನಲ್ಲಿ ಎಲ್ಲವೂ ಅಳಿದರೂ ಇಲ್ಲಿಂದ ಮತ್ತೆ ತುಂಬಬಹುದು ಎಂಬ ಲೆಕ್ಕ. ಇಲ್ಲಿ ತಳಿವಿಜ್ಞಾನ ಮದುವೆ ದಲ್ಲಾಳಿಯ ಕೆಲಸ ಮಾಡುತ್ತದೆ. ಯಾವ ಗಂಡಿಗೆ ಯಾವ ಹೆಣ್ಣು, ಯಾರ ಜೀನ್‌ಗಳು ಹಿಂಡಿನಲ್ಲಿ ಅಪರೂಪವಾಗುತ್ತಿವೆ, ಯಾರಿಗೆ ಆಗಲೇ ಮಕ್ಕಳು ಮೊಮ್ಮಕ್ಕಳು ಹೆಚ್ಚಾಗಿದ್ದಾರೆ ಎಂದೆಲ್ಲ ವಂಶಾವಳಿ ಪುಸ್ತಕ ಹಿಡಿದು ಜೋಡಿ ಹಾಕಬೇಕು. ಸಿಡ್ನಿ ವಿಶ್ವವಿದ್ಯಾಲಯದ ಕ್ಯಾಥರಿನ್ ಬೆಲೊವ್ ಮತ್ತು ಕ್ಯಾರೊಲಿನ್ ಹಾಗ್ ಈ ಲೆಕ್ಕಕ್ಕೆ ಜೀನೋಮಿನ ಓದನ್ನು ಜೋಡಿಸಿದವರು.

ಕಾಗದದ ಮೇಲೆ ಚೊಕ್ಕವಾಗಿದ್ದದ್ದು ನೆಲಕ್ಕಿಳಿದಾಗ ಬೇರೆಯಾಗುತ್ತದೆ. 2012 ಮತ್ತು 2013ರಲ್ಲಿ ಎರಡು ಕಂತಿನಲ್ಲಿ 28 ಡೆವಿಲ್‌ಗಳನ್ನು ರೋಗವಿಲ್ಲದ ಮರಾಯಾ ದ್ವೀಪಕ್ಕೆ ಬಿಟ್ಟರು. ಅವು ಅಲ್ಲಿ ಮೊದಲು ಎಂದೂ ಇರಲಿಲ್ಲ. ಡೆವಿಲ್‌ಗಳು ಸೊಗಸಾಗಿ ಬೆಳೆದವು. ಆದರೆ ಆ ದ್ವೀಪದಲ್ಲಿ ಪುಟ್ಟ ಪೆಂಗ್ವಿನ್‌ಗಳ ಸುಮಾರು 3,000 ಜೋಡಿಗಳು ಬಿಲದಲ್ಲಿ ಗೂಡು ಕಟ್ಟುತ್ತಿದ್ದವು. ಅವು ಒಂದೂ ಉಳಿದಿಲ್ಲವೆಂದು 2021ರಲ್ಲಿ ಬರ್ಡ್‌ಲೈಫ್ ಟ್ಯಾಸ್ಮೇನಿಯಾ ಸಂಸ್ಥೆ ತಿಳಿಸಿತು. ಬಿಡುವ ಮುಂಚೆಯೇ ಪಕ್ಷಿತಜ್ಞರು ಈ ಅಪಾಯವನ್ನು ಹೇಳಿದ್ದರು. ಒಂದು ಪ್ರಾಣಿಯ ಜೀನ್ ವೈವಿಧ್ಯದ ಶೇಕಡಾವಾರು ಲೆಕ್ಕ ಅಷ್ಟು ಸೂಕ್ಷ್ಮವಾಗಿ ಹಾಕಿದವರು ಪಕ್ಕದ ಬಿಲದಲ್ಲಿ ಯಾರಿದ್ದಾರೆ ಎಂಬುದನ್ನು ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು ಎಂದು ನನ್ನ ಅನಿಸಿಕೆ.

ಅದೇ ವಿಮೆ ಹಿಂಡಿನ ಪ್ರಾಣಿಗಳನ್ನು ದೊಡ್ಡ ದ್ವೀಪದ ಕಾಡಿಗೆ ಬಿಟ್ಟಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಕೆಲವು ದಿನಗಳಲ್ಲೇ ಹಲವು ಡೆವಿಲ್‌ಗಳು ರಸ್ತೆಯಲ್ಲಿ ಕಾರಿಗೆ ಸಿಕ್ಕವು. ವಂಶಾವಳಿ ತೆಗೆದು ಕೂಡಿಸಿ ಕಳೆದು ನೋಡಿದರೆ, ಯಾವುದರ ಪೂರ್ವಜರು ಹೆಚ್ಚು ತಲೆಮಾರು ಬೋನಿನಲ್ಲಿ ಕಳೆದಿದ್ದರೋ ಅದು ಕಾರಿಗೆ ಸಿಗುವ ಸಂಭವವೂ ಹೆಚ್ಚು. ಜೀನ್ ವೈವಿಧ್ಯ ಕಾಪಾಡಿದ ಮಾತ್ರಕ್ಕೆ ಭಯ ಉಳಿಯುವುದಿಲ್ಲ.

ಈ ನಡುವೆ ಕಾಡಿನಲ್ಲಿ ಉಳಿದ ಡೆವಿಲ್‌ಗಳು ಯಾರನ್ನೂ ಕೇಳದೆ ತಮ್ಮ ದಾರಿ ನೋಡಿಕೊಳ್ಳುತ್ತಿದ್ದವು. ರೋಗ ಬರುವ ಮುಂಚೆ ಹೆಣ್ಣುಗಳು ಎರಡನೆಯ ವರ್ಷಕ್ಕೆ ಮರಿ ಹಾಕುತ್ತಿದ್ದವು. ದೊಡ್ಡವು ಸತ್ತು ಮೇವು ಹೆಚ್ಚಾದ ಮೇಲೆ ಹಲವು ಹೆಣ್ಣುಗಳು ಒಂದೇ ವರ್ಷಕ್ಕೆ ತಾಯಾಗತೊಡಗಿದವು. ಗಡ್ಡೆ ಕೊಲ್ಲುವ ಮುಂಚೆ ಒಂದು ಸೂಲು ಮುಗಿಸುವ ಆತುರ. 2016ರಲ್ಲಿ ಬ್ರೆಂಡನ್ ಎಪ್‌ಸ್ಟೀನ್, ಆ್ಯಂಡ್ರೂ ಸ್ಟಾರ್‌ಫರ್ ಮತ್ತು ಸಂಗಡಿಗರು ಮೂರು ಕಡೆಯ ಡೆವಿಲ್‌ಗಳ ರೋಗಪೂರ್ವದ ಮತ್ತು ರೋಗಾನಂತರದ ಕಿವಿಚೂರುಗಳನ್ನು ಹೋಲಿಸಿದರು. ಜೀನೋಮಿನ ಎರಡು ಚಿಕ್ಕ ಭಾಗಗಳು ಮೂರೂ ಕಡೆ ಒಂದೇ ದಿಕ್ಕಿನಲ್ಲಿ ಬದಲಾಗಿದ್ದವು. ಅಲ್ಲಿರುವುದು ರೋಗನಿರೋಧಕ ಶಕ್ತಿಗೂ ಕ್ಯಾನ್ಸರ್‌ಗೂ ಸಂಬಂಧಪಟ್ಟ ಜೀನ್‌ಗಳು. ಹಿಡಿದದ್ದು ನಾಲ್ಕರಿಂದ ಆರು ತಲೆಮಾರು. ವಿಕಾಸ ಎಂದರೆ ಯುಗಗಳ ಮಾತು ಎಂದು ಶಾಲೆಯಲ್ಲಿ ಕಲಿತವರು ಈ ಸಾಲನ್ನು ಎರಡು ಸಲ ಓದಬೇಕು. ವಾಯವ್ಯದ ವೆಸ್ಟ್ ಪೆನ್ಸಿಲ್ ಪೈನ್ ಎಂಬಲ್ಲಿ ಕೆಲವು ಪ್ರಾಣಿಗಳ ಗಡ್ಡೆ ತಾನಾಗಿಯೇ ಕುಗ್ಗಿ ಮಾಯವಾದದ್ದನ್ನೂ ಗೋಣಿಚೀಲ ಹಿಡಿದವರು ದಾಖಲಿಸಿದ್ದಾರೆ. ಹಿಂದಿನ ವರ್ಷ ಅಳತೆ ಹಿಡಿದಿದ್ದ ಗಡ್ಡೆಯ ಜಾಗದಲ್ಲಿ ಮರುವರ್ಷ ಬರೀ ಕಲೆ.

ಹೀಗೆ ಬಗೆಹರಿಯದ ಒಂದು ಜಗಳ ಹುಟ್ಟಿಕೊಂಡಿದೆ. ಒಂದು ಪಕ್ಷದವರ ವಾದ: ಕಾಡಿನ ಡೆವಿಲ್‌ಗಳು ಎಣಿಕೆಯಲ್ಲಿ ತೀರ ಕಡಿಮೆಯಾಗಿ, ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದು, ಒಳಸಂಬಂಧದಲ್ಲಿ ಸೊರಗುತ್ತವೆ, ವಿಮೆ ಹಿಂಡಿನ ಹೊಸ ರಕ್ತ ಬೇಕೇ ಬೇಕು. ಇನ್ನೊಂದು ಪಕ್ಷದವರದು: ಗಡ್ಡೆಯನ್ನು ಎಂದೂ ಕಾಣದ ಪ್ರಾಣಿಗಳನ್ನು ತಂದು ಬಿಟ್ಟರೆ, ಅಷ್ಟು ಸಾವು ನೋವು ಉಂಡು ಈಗಷ್ಟೇ ಗಟ್ಟಿಯಾಗುತ್ತಿರುವ ವಂಶಕ್ಕೆ ನೀರು ಬೆರೆಸಿದಂತಾಗುತ್ತದೆ, ಮೇಲಾಗಿ ರೋಗಕ್ಕೆ ಹೊಸ ಮೈಗಳನ್ನು ಒದಗಿಸಿದಂತಾಗುತ್ತದೆ. ಎರಡೂ ಕಡೆಯವರು ಮುಂದಿಡುವುದು ಜೀನೋಮುಗಳನ್ನೇ. ಹರಡುವ ವೇಗ ತಗ್ಗಿ ಒಂದು ಗಡ್ಡೆಯಿಂದ ಸರಾಸರಿ ಒಂದೇ ಹೊಸ ಗಡ್ಡೆ ಹುಟ್ಟುವ ಸ್ಥಿತಿಗೆ ರೋಗ ಬಂದಿದೆ ಎಂದು 2020ರಲ್ಲಿ ಒಂದು ತಂಡ ಲೆಕ್ಕ ಕೊಟ್ಟಿತು. 2023ರಲ್ಲಿ ಇನ್ನೊಂದು ತಂಡ ಆ ಲೆಕ್ಕಕ್ಕೆ ಆಧಾರವಾದ ನಕಲುತಪ್ಪುಗಳ ಎಣಿಕೆಯನ್ನೇ ಪ್ರಶ್ನಿಸಿತು. ನನ್ನ ಒಲವು ಎರಡನೆಯ ಪಕ್ಷದ ಕಡೆಗೆ. ಆದರೆ ಒಲವು ಹೇಳುವಾಗ ದಕ್ಷಿಣದ ಕಾಲುವೆ ಬದಿಯ ಆ ಇನ್ನೊಂದು ಗಡ್ಡೆ ನೆನಪಿಗೆ ಬರುತ್ತದೆ. ಹಳೆಯದರ ಎದುರು ಗಟ್ಟಿಯಾದ ಜೀನ್‌ಗಳು ಇದರ ಎದುರೂ ನಿಲ್ಲುತ್ತವೆ ಎನ್ನಲು ಆಧಾರವಿಲ್ಲ. ಎರಡೂ ಗಡ್ಡೆಗಳು ಒಟ್ಟಿಗೇ ಅಂಟಿಕೊಂಡ ಡೆವಿಲ್ ಒಂದು ಆಗಲೇ ಸಿಕ್ಕಿದೆ.